ಕುಕ್ಕರಿಗೆ ಹೋದ ಕಿತ್ತಳೆ ಬಣ್ಣ

ತಾಷ್ಕೆಂಟಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಂಶೋಧನಾಲಯದ ಹಿಂದಿನ ಕೋಣೆಯಲ್ಲಿ ಸನೋಬರ್ ಆಗಲೇ ಗಾಜಿನ ತಟ್ಟೆಗಳನ್ನು ತೊಳೆದು ಬೋರಲು ಹಾಕುತ್ತಿದ್ದಾರೆ. ಇಲ್ಲಿ ಸಾಕುವುದು ಗೋಧಿ ತೆನೆಗೆ ವಿಷವಿಕ್ಕುವ ಬಿಳಿ ಬೂಷ್ಟನ್ನು. ಅದಕ್ಕೆ ಊಟ ಕುದಿಸುವವರೂ, ಕೆಟ್ಟ ತಟ್ಟೆಗಳನ್ನು ಆಳೆತ್ತರದ ಕುಕ್ಕರಿನಲ್ಲಿ ಬೇಯಿಸುವವರೂ ಇವರೇ. ತಟ್ಟೆಯ ಬಣ್ಣ ಬದಲಾದರೆ ಬೇರೆ ಬೂಷ್ಟು ನುಗ್ಗಿತೆಂದೇ ಅರ್ಥ. ಯಾರನ್ನೂ ಕೇಳುವುದಿಲ್ಲ, ನೇರ ಕುಕ್ಕರಿಗೆ. ಇಲ್ಲಿನ ಹಳೇ ಪದ್ಧತಿ.

ಆ ಪದ್ಧತಿ ನಂಬಿಯೇ ಹೋದ ಚಳಿಗಾಲ ಸನೋಬರ್ ಕೈ ಸುಟ್ಟುಕೊಂಡರು. ಜೀವಕೋಶದೊಳಗೆ ವಂಶವಾಹಿ ನೂಲು ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಆ ಉಂಡೆಗಳ ಮೇಲೆ ಬೂಷ್ಟು ಸಣ್ಣ ರಾಸಾಯನಿಕ ಗುರುತುಗಳನ್ನು ಅಂಟಿಸುತ್ತದೆ. ಕೆಲವು ಗುರುತು ಬಿದ್ದಲ್ಲಿ ನೂಲು ಕೆಲಸ ಮಾಡದೆ ಮಲಗಿಬಿಡುತ್ತದೆ. ಸಂಶೋಧಕಿ ಮುನೀರಾ ಅಂಥದೊಂದು ಗುರುತು ಬೀಳದ ತಳಿಯನ್ನು ವರ್ಷಗಟ್ಟಲೆ ಹೆಣಗಿ ಮಾಡಿದ್ದರು. ಮಲಗಿದ್ದದ್ದು ಎದ್ದರೆ ವಿಷ ಹುಟ್ಟುವ ಬಗೆ ತಿಳಿಯಬಹುದೆಂಬ ಆಸೆ. ಅದು ಎದ್ದಿತು. ಬಿಳಿ ಬೂಷ್ಟು ಕಿತ್ತಳೆ ಬಣ್ಣಕ್ಕೆ ತಿರುಗಿತು. ಮುಂಜಾನೆ ಮೊದಲು ಕಂಡವರು ಸನೋಬರ್. ಮುನೀರಾ ಬರುವಷ್ಟರಲ್ಲಿ ತಟ್ಟೆಗಳೆಲ್ಲ ಬೆಂದಿದ್ದವು.

"ನೆಲಕ್ಕೆ ಬಿದ್ದ ರೊಟ್ಟಿ ಚೂರನ್ನೂ ಎತ್ತಿ ಕಣ್ಣಿಗೊತ್ಕೊಳ್ಳೋರು ನಾವು. ಆ ಹುಡುಗಿ ಅನ್ನಾನ ನಾನೇ ಬೇಯ್ಸಿ ಚೆಲ್ಲಿಬಿಟ್ಟೆ," ಎನ್ನುತ್ತಾರೆ ಸನೋಬರ್.

ಮುನೀರಾ ಬೈಯಲಿಲ್ಲ. "ನಿಮ್ಮ ಕೈಗೆ ಸಿಕ್ಕಿದ್ರೆ ಮದ್ವೆಮನೆ ಪಲಾವೂ ಕುಕ್ಕರ್ ಸೇರತ್ತೆ ಸನೋಬರಕ್ಕ," ಎಂದು ಈಗಲೂ ಕಾಡಿಸುತ್ತಾರೆ. ಬೈದಿದ್ದರೇ ವಾಸಿಯಿತ್ತು ಅನ್ನುತ್ತಾರೆ ಸನೋಬರ್.

ಆ ತಳಿಯ ಒಂದೇ ಒಂದು ನಳಿಕೆ ಫ್ರೀಜರಿನ ಮೂಲೆಯಲ್ಲಿ ಉಳಿದಿತ್ತು. ಕರೆಂಟು ಹೋಗಿ ಹೋಗಿ ಅದೂ ಸೊರಗಿತ್ತು. ಅದರಲ್ಲಿದ್ದಷ್ಟನ್ನೂ ಕಳೆದ ವಾರ ಮುನೀರಾ ಒಂದು ತಟ್ಟೆಗೆ ಹಾಕಿದ್ದಾರೆ. ಇದು ಚಿಗುರದಿದ್ದರೆ ಎಲ್ಲ ಮೊದಲಿನಿಂದ.

"ಕೆಲ್ಸ ಬಿಡೋದ್ರೊಳಗೆ ಆ ಬಣ್ಣ ಇನ್ನೊಂದ್ಸಲ ನೋಡ್ಬೇಕು. ಬೇರೇನೂ ಬೇಡ," ಎನ್ನುತ್ತಾ ಸನೋಬರ್ ಬೂಷ್ಟು ಬೆಳೆಸುವ ಬೆಚ್ಚನೆ ಕಪಾಟಿನ ಬಾಗಿಲು ತೆಗೆಯುತ್ತಾರೆ.

ತಟ್ಟೆಯ ಅಂಚೆಲ್ಲ ಬಿಳಿ. ನಡುವೆ ಕಿತ್ತಳೆ.

ಅವರ ಕೈ ತಟ್ಟೆಯತ್ತ ಹೋಗಿ ಅರ್ಧದಲ್ಲೇ ನಿಲ್ಲುತ್ತದೆ. ಬಾಗಿಲು ಮುಚ್ಚಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಪಾಟಿಗೆ ಒರಗಿ ನಿಲ್ಲುತ್ತಾರೆ. ಬಿಸಿಲು ಬರುತ್ತದೆ, ಚಹಾ ಆರುತ್ತದೆ, ಅವರು ಕದಲುವುದಿಲ್ಲ.

ಮುನೀರಾ ಬಂದವರೇ ಗಾಬರಿಯಾಗುತ್ತಾರೆ. "ಯಾಕಕ್ಕ, ಹೀಗೆ ನಿಂತಿದ್ದೀರಿ?"

"ಕಾವಲು ಕಾಯ್ತಿದೀನಿ ಮಗಳೇ."

"ಯಾರಿಂದ?"

"ನನ್ನಿಂದಾನೇ."