ಲ್ಯಾಕ್ಟೋಮೀಟರಿಗೆ ಸಿಕ್ಕ ಸ್ಕಾಟ್ಲೆಂಡಿನ ಬೀರು

ವಕ್ಕಲೇರಿ ಹತ್ತಿರದ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡೋನು ನಾನು. ಯಾರನ್ನೂ ನಂಬಲ್ಲ, ನಮ್ಮತ್ತೆ ತರೋ ಹಾಲನ್ನೂ. ಹಸು ನೋಡೋಕೆ ಬಂದಿದ್ದ ಸ್ಕಾಟ್ಲೆಂಡಿನವನೊಬ್ಬ, ತಾನೇ ಮನೆಯಲ್ಲಿ ಮಾಡಿದ್ದು ಅಂತ ಏಲ್ ಅನ್ನೋ ಬೀರಿನ ಬಾಟಲಿ ಕೊಟ್ಟ. ನೋಡಿದರೆ ಕಷಾಯದ ಬಣ್ಣ, ತಣ್ಣಗೂ ಇಲ್ಲ, ನೊರೆಯೂ ಅಷ್ಟಕ್ಕಷ್ಟೇ. ಉದ್ದನೆಯ ಲೋಟಕ್ಕೆ ಸುರಿದು, ಹಾಲಿಗೆ ಬೆರೆಸಿದ ನೀರು ಹಿಡಿಯೋ ಲ್ಯಾಕ್ಟೋಮೀಟರನ್ನೇ ಅದರೊಳಗೆ ಬಿಟ್ಟೆ.

"ಏನ್ರೀ ಇದು, ಅತಿಥಿ ಮುಂದೆ!" ಅಂತ ಅವನನ್ನು ಕರೆತಂದಿದ್ದ ಪಶುವೈದ್ಯರು ಗದರಿದರು.

"ನೀರು ಬೆರೆಸಿದ್ರೆ ಗೊತ್ತಾಗ್ಬೇಕಲ್ಲ ಸಾರ್," ಅಂದೆ.

ಆಮೇಲೆ ಕುಡಿದೆ. ಹುರಿದ ರಾಗಿಯ ಘಮ, ಹಿಂದೆಯೇ ಹಿತವಾದ ಕಹಿ. ಲೋಟ ಖಾಲಿಯಾದದ್ದೇ ತಿಳಿಯಲಿಲ್ಲ.

ಮರ್ಯಾದೆಗೆ ನಾನೂ ಅವನಿಗೊಂದು ಲೋಟ ಹಾಲು ಕೊಟ್ಟೆ. ಅವನು ನಗುತ್ತಾ ನನ್ನ ಲ್ಯಾಕ್ಟೋಮೀಟರನ್ನು ತೊಳೆದು, ಹಾಲಿಗೆ ಬಿಟ್ಟು, ಬಗ್ಗಿ ನೋಡಿದ.

ಪುಣ್ಯಕ್ಕೆ ಅದು ನಮ್ಮತ್ತೆಯ ಹಾಲಾಗಿರಲಿಲ್ಲ.