ಜರ್ಮನಿಯದ್ದೋ, ರಷ್ಯಾದ್ದೋ

ನಮ್ಮ ಕಡೆ ಯಾರ ಮನೆಗೆ ಹೋದರೂ ಮೊದಲು ಕೇಳುವುದು "ಕಾಫಿನಾ, ಟೀನಾ?" ಎಂದು. ನಾವು "ಯಾವುದಾದ್ರೂ ಆಗುತ್ತೆ ಬಿಡಿ" ಅನ್ನುತ್ತೇವೆ. ಮನಸ್ಸಿನಲ್ಲಿ ಕಾಫಿ ಎಂದು ಖಚಿತವಾಗಿದ್ದರೂ ಹಾಗೇ ಅನ್ನುತ್ತೇವೆ. ಅವರು ಇನ್ನೊಮ್ಮೆ ಕೇಳಬೇಕು, ನಾವು ಇನ್ನೊಮ್ಮೆ ಸಂಕೋಚಪಡಬೇಕು, ಮತ್ತೆ ಬಲವಂತ ಮಾಡಿದ ಮೇಲೆ "ಹಂಗಾದ್ರೆ ಕಾಫೀನೇ ಮಾಡ್ಬಿಡಿ" ಅನ್ನಬೇಕು. ಐವತ್ತು ದಾಟುವವರೆಗೂ ಈ ಪದ್ಧತಿಯನ್ನು ನಂಬಿ ಬದುಕಿದವನು ನಾನು. ಅದು ನನಗೆ ಕೈಕೊಟ್ಟದ್ದು ಒಂದು ಪಿಸ್ತೂಲಿನ ವಿಷಯದಲ್ಲಿ.

ಗಾಬರಿಯಾಗಬೇಡಿ, ಗಾಳಿ ಪಿಸ್ತೂಲು. ಲೈಸೆನ್ಸ್ ಬೇಡದ್ದು. ಹತ್ತು ಮೀಟರ್ ಆಚೆ ಒಂದು ಕಾಗದ, ಕಾಗದದ ನಡುವೆ ಕರಿ ಬೊಟ್ಟು, ಬೊಟ್ಟಿನ ನಡುವೆ ಬಟಾಣಿಯಷ್ಟು ಜಾಗ. ಒಂದೇ ಕೈ ಚಾಚಿ ಆ ಬಟಾಣಿಗೆ ಹೊಡೆಯಬೇಕು. ಬಿಪಿ ಮಾತ್ರೆ ಶುರುವಾದ ವರ್ಷ, ಮನಸ್ಸನ್ನು ಒಂದು ಕಡೆ ನಿಲ್ಲಿಸುವ ಅಭ್ಯಾಸ ಏನಾದರೂ ಮಾಡಿ ಎಂದು ಡಾಕ್ಟರು ಹೇಳಿದ್ದರು. ಅವರ ಮನಸ್ಸಿನಲ್ಲಿದ್ದದ್ದು ಧ್ಯಾನ. ನಾನು ಇಲ್ಲಿಗೆ ಬಂದು ಸೇರಿದೆ.

'ಇಲ್ಲಿ' ಅಂದರೆ ಶಿಡ್ಲಘಟ್ಟದಿಂದ ದಿಬ್ಬೂರಹಳ್ಳಿ ಕಡೆ ಹೋಗುವ ದಾರಿಯಲ್ಲಿರುವ ಒಂದು ಹಳೆಯ ಹುಳು ಮನೆ. ಮನೆಯವರು ರೇಷ್ಮೆ ಹುಳು ಸಾಕುವುದನ್ನು ನಿಲ್ಲಿಸಿದ ಮೇಲೆ ನಾವು ಕೆಲವರು ಅದನ್ನು ಭಾನುವಾರಗಳಿಗೆ ಕೇಳಿ ಪಡೆದೆವು. ಉದ್ದಕ್ಕಿದೆ, ಒಳಗೆ ಗಾಳಿ ಆಡುವುದಿಲ್ಲ, ಗುರಿ ಹೊಡೆಯಲು ಹೇಳಿ ಕಟ್ಟಿಸಿದಂತಿದೆ. ಬ್ಲೀಚಿಂಗ್ ಪೌಡರಿನ ವಾಸನೆ ಮಾತ್ರ ಗೋಡೆ ಬಿಟ್ಟು ಹೋಗಿಲ್ಲ.

ಚಿಕ್ಕಬಳ್ಳಾಪುರದಿಂದ ಅಲ್ಲಿಗೆ ಸ್ಕೂಟರಿನಲ್ಲಿ ಹೋಗಿ, ಎಲ್ಲರೂ ಬಳಸುವ ಒಂದು ಸವೆದ ಪಿಸ್ತೂಲಿನಲ್ಲಿ ಹೊಡೆದು, ಬಟಾಣಿಯ ಸುತ್ತ ಎಲ್ಲ ಕಡೆ ತೂತು ಮಾಡಿ ವಾಪಸ್ ಬರುತ್ತಿದ್ದೆ. ಹೀಗಿರುವಾಗ ಗೌರಿಬಿದನೂರಿನ ಹಿರಿಯರೊಬ್ಬರು ತಮ್ಮ ಎರಡು ಹಳೆಯ ಪಿಸ್ತೂಲುಗಳನ್ನು ಮಾರುತ್ತೇನೆಂದರು. ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತರಾದವರು, ಈಗ ಭುಜ ಏಳುತ್ತಿರಲಿಲ್ಲ. ಕೊಳ್ಳಲು ಮುಂದೆ ಬಂದವರು ಇಬ್ಬರು: ನಾನು, ಮತ್ತು ಚಿಂತಾಮಣಿಯಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿರುವ, ನನಗಿಂತ ಹತ್ತು ವರ್ಷ ಚಿಕ್ಕವನಾದ ಗೆಳೆಯ.

ಒಂದು ಜರ್ಮನಿಯದ್ದು, ಒಂದು ರಷ್ಯಾದ್ದು. ಜರ್ಮನಿಯದ್ದರಲ್ಲಿ ಪಕ್ಕದ ಲಿವರನ್ನು ಎಳೆದರೆ ಒಳಗಿನ ಸ್ಪ್ರಿಂಗ್ ಬಿಗಿಯುತ್ತದೆ. ಹೊಡೆದಾಗ ಮೇಲಿನ ಭಾಗವೆಲ್ಲ ಒಂದಿಷ್ಟು ಹಿಂದಕ್ಕೆ ಜಾರಿ ಒದೆತವನ್ನು ತಾನೇ ನುಂಗಿಕೊಳ್ಳುತ್ತದೆ, ಕೈಗೆ ಏನೂ ಗೊತ್ತಾಗುವುದಿಲ್ಲ. ರಷ್ಯಾದ್ದರಲ್ಲಿ ಸ್ಪ್ರಿಂಗೇ ಇಲ್ಲ. ನಳಿಕೆಯ ಕೆಳಗಿನ ಲಿವರನ್ನು ಮುಂದಕ್ಕೆ ಬಿಡಿಸಿ ಮಡಚಿದರೆ ಒಂದು ಏಟಿಗಾಗುವಷ್ಟು ಗಾಳಿ ತುಂಬಿಕೊಳ್ಳುತ್ತದೆ. ಮೂತಿ ಭಾರ, ಗಟ್ಟಿ ಜೀವ.

ಮೂರು ವಾರ ಯೂಟ್ಯೂಬ್ ನೋಡಿದೆ. ಜರ್ಮನಿಯದ್ದರ ಸ್ಪ್ರಿಂಗ್ ಮುರಿದರೆ ಎಲ್ಲಿ ಸಿಗುತ್ತದೆ? ರಷ್ಯಾದ್ದರ ಮೂತಿ ಭಾರಕ್ಕೆ ನನ್ನ ಮಣಿಕಟ್ಟು ಊದಿಕೊಂಡರೆ? ಹೆಂಡತಿ ಒಂದು ಸಂಜೆ ಹೇಳಿದಳು, "ನನ್ನ ನೋಡೋಕೆ ಬಂದಾಗ ಕಾಲು ಗಂಟೇಲಿ ಒಪ್ಕೊಂಡ್ರಲ್ಲ, ಆಗೆಲ್ಲಿತ್ತು ಈ ಯೋಚನೆ?"

ಮುಂದಿನ ಭಾನುವಾರ ಹುಳು ಮನೆಯಲ್ಲಿ ಹಿರಿಯರು ಎರಡನ್ನೂ ಟವೆಲ್ ಹಾಸಿದ ಮೇಜಿನ ಮೇಲಿಟ್ಟು, "ಇಬ್ರೂ ಹೊಡ್ದು ನೋಡಿ. ರೇಟು ಎರಡಕ್ಕೂ ಒಂದೇ. ಯಾರಿಗೆ ಯಾವುದು ಅಂತ ನೀವ್ನೀವೇ ಮಾತಾಡ್ಕಳ್ಳಿ" ಎಂದರು.

ರಷ್ಯಾದ್ದು ಚೆನ್ನಾಗಿತ್ತು. ಜರ್ಮನಿಯದ್ದನ್ನು ಎತ್ತಿದೆ. ಸದಾ ಅಲುಗುವ ನನ್ನ ಕೈ, ಸಾಹೇಬರು ಒಳಗೆ ಬಂದಾಗ ಆಫೀಸು ನಿಲ್ಲುವಂತೆ, ನಿಂತುಬಿಟ್ಟಿತು. ಹೊಡೆದ ಏಟುಗಳೆಲ್ಲ ಒಂದೇ ತೂತಿನ ಅಕ್ಕಪಕ್ಕ. ಸ್ಪ್ರಿಂಗಿನ ಚಿಂತೆಯೇ ಮರೆತುಹೋಯಿತು. ಜೀವನದಲ್ಲಿ ಅಪರೂಪಕ್ಕೆ ನನಗೆ ಏನು ಬೇಕೆಂದು ನನಗೆ ಗೊತ್ತಾಗಿತ್ತು.

"ಅಣ್ಣಾ, ನೀವು ದೊಡ್ಡೋರು. ನೀವು ಆರಿಸ್ಕಳ್ಳಿ, ಮಿಕ್ಕಿದ್ದು ನಂಗೆ" ಎಂದ ಚಿಂತಾಮಣಿಯ ಗೆಳೆಯ.

"ಜರ್ಮನಿಯದ್ದು" ಅಂದುಬಿಟ್ಟಿದ್ದರೆ ಕಥೆ ಮುಗಿಯುತ್ತಿತ್ತು. ನಾನಂದದ್ದು, "ಛೆ ಛೆ, ನಂಗೆ ಯಾವುದಾದ್ರೂ ಆಗುತ್ತಪ್ಪ. ನೀವು ಅಷ್ಟು ದೂರದಿಂದ ಬಂದಿದೀರಿ."

"ಚಿಂತಾಮಣಿ ಏನ್ ದೂರ ಅಣ್ಣಾ?"

"ಆದ್ರೂನೂ. ಜರ್ಮನಿದು ನೀವೇ ಇಟ್ಕಳ್ಳಿ."

ಲೆಕ್ಕದ ಪ್ರಕಾರ ಈಗ ಅವನು "ಅಯ್ಯೋ ಎಲ್ಲಾದ್ರೂ ಉಂಟಾ" ಎನ್ನಬೇಕಿತ್ತು. ನಾನು ಇನ್ನೊಂದು ಸಲ ಬೇಡವೆಂದು, ಆಮೇಲೆ ಸೋತವನಂತೆ ಕೈಚಾಚಲು ಸಿದ್ಧನಾಗಿದ್ದೆ. ಅವನು ಒಂದು ಕ್ಷಣ ಟವೆಲ್ ನೋಡಿದ. "ಸರಿ ಬಿಡಿ ಅಣ್ಣಾ. ದೊಡ್ಡೋರು ನೀವು ಇಷ್ಟು ಹೇಳಿದ್ಮೇಲೆ ಇಲ್ಲ ಅನ್ನೋಕಾಗುತ್ತಾ" ಎಂದು ಜರ್ಮನಿಯದ್ದನ್ನು ಸುತ್ತಿ ಬ್ಯಾಗಿಗಿಟ್ಟ. ಜಿಪ್ ಎಳೆದ ಸದ್ದು ನನಗೆ ಇನ್ನೂ ಕೇಳಿಸುತ್ತದೆ.

ಹಿರಿಯರು ನನ್ನ ಮುಖ ನೋಡಿ, "ಏನ್ ದೊಡ್ಡ ಮನಸ್ಸಪ್ಪಾ ನಿಮ್ದು" ಎಂದರು. ಹೊಗಳಿದರೋ ಹಂಗಿಸಿದರೋ, ಅದನ್ನೂ ನಿರ್ಧರಿಸಲಾಗಿಲ್ಲ.

ಆಮೇಲಿನ ಭಾನುವಾರಗಳೆಲ್ಲ ಒಂದೇ ಥರ. ಪಕ್ಕದಲ್ಲಿ ಅವನು, ಅವನ ಕೈಯಲ್ಲಿ ನನ್ನ ಪಿಸ್ತೂಲು. ನನ್ನ ಕೈಯಲ್ಲಿ ರಷ್ಯಾದ್ದು. ಅದರ ತಪ್ಪೇನಿಲ್ಲ, ಕೈ ಮಾತ್ರ ಹಳೆಯ ಚಾಳಿಗೆ ಮರಳಿತ್ತು. ಬದಲಾಯಿಸಿಕೊಳ್ಳೋಣವೇ ಎಂದು ಕೇಳುವ ಮಾತನ್ನು ಸ್ಕೂಟರಿನ ಮೇಲೆ ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಹೋಗಿ, "ಏನ್ ಸಮಾಚಾರ, ಅಂಗಡಿ ಚೆನ್ನಾಗಿ ನಡೀತಾ ಇದ್ಯಾ?" ಎಂದು ಕೇಳಿ ವಾಪಸ್ ಬರುತ್ತಿದ್ದೆ.

ಹೋದ ತಿಂಗಳು ಅವನೇ ಬಾಯಿಬಿಟ್ಟ. "ಒಂದ್ ಮಾತು ಅಣ್ಣಾ, ಬೇಜಾರಾಗ್ಬಾರ್ದು. ನಂಗೆ ಆವತ್ತು ಇಷ್ಟ ಆಗಿದ್ದು ರಷ್ಯಾದ್ದೇ. ನೀವು ಅಷ್ಟು ಹೇಳ್ತಾ ಇದೀರಲ್ಲ, ಬೇಡ ಅಂದ್ರೆ ಚೆನ್ನಾಗಿರಲ್ಲ ಅಂತ ತಗೊಂಡೆ."

ನನಗೆ ನಗು ಬರಲಿಲ್ಲ. "ಹಂಗಾದ್ರೆ ಬದಲಾಯಿಸ್ಕೊಳ್ಳಣ. ಈಗ್ಲೇ" ಎಂದೆ. ಅಷ್ಟು ನೇರವಾಗಿ ನಾನು ಮಾತಾಡಿದ್ದು ನನಗೇ ಹೊಸದು.

ಅವನು ಪೆಚ್ಚಾಗಿ ಪಿಸ್ತೂಲನ್ನು ನನ್ನ ಕೈಗಿಟ್ಟ. ಮರದ ಹಿಡಿ ಮೊದಲಿನಂತೆ ಉಳಿದಿರಲಿಲ್ಲ. ಅವನದ್ದು ಅಗಲವಾದ ಅಂಗೈ, ಬೆರಳು ಗಿಡ್ಡ. ಹೇಗೂ ತನ್ನದಾಯಿತಲ್ಲ ಎಂದು ಅರದಲ್ಲಿ ಉಜ್ಜಿ, ಅಲ್ಲಲ್ಲಿ ಪುಟ್ಟಿ ಮೆತ್ತಿ, ತನ್ನ ಕೈಗೆ ತಕ್ಕಂತೆ ಮಾಡಿಕೊಂಡಿದ್ದ. ನನ್ನ ಬೆರಳುಗಳು ಅವನ ಬೆರಳುಗಳ ಗುಳಿಗಳಲ್ಲಿ ಎಲ್ಲೂ ಕೂರಲಿಲ್ಲ. ಎತ್ತಿ ಹಿಡಿದೆ. ನಳಿಕೆಯ ತುದಿಯ ಗುರಿಮುಳ್ಳು ಬೊಟ್ಟಿನ ಸುತ್ತ ನೊಣದಂತೆ ತಿರುಗಿತು. ಬೇರೆ ಹಿಡಿ ಈಗ ಯಾರೂ ಮಾಡುವುದಿಲ್ಲವೆಂದು ಹಿರಿಯರು ಮೊದಲೇ ಹೇಳಿದ್ದರು.

"ಇರ್ಲಿ ಬಿಡಪ್ಪ" ಎಂದು ವಾಪಸ್ ಕೊಟ್ಟೆ.

ಆ ಸಂಜೆ ರಷ್ಯಾದ್ದನ್ನು ಮುಂದಿಟ್ಟುಕೊಂಡು ವರಾಂಡದಲ್ಲಿ ಕೂತೆ. ಇಷ್ಟು ದಿನ ಅದರ ಹಿಡಿಗೆ ಅರ ಮುಟ್ಟಿಸಿರಲಿಲ್ಲ. ಎಂದಾದರೂ ಬದಲಾಯಿಸಿಕೊಂಡರೆ ಕೆಟ್ಟುಹೋಗಿರಬಾರದು ಎಂಬ ಆಸೆ. ಈಗ ಹೆಬ್ಬೆರಳು ಒತ್ತುವ ಜಾಗ ಹುಡುಕಿ ಉಜ್ಜತೊಡಗಿದೆ. ಪುಡಿ ಪಂಚೆಯ ಮೇಲೆ ಉದುರಿತು. ಇನ್ನು ಇದು ಬೇರೆ ಯಾರಿಗೂ ಆಗುವುದಿಲ್ಲ. ನನಗಾದರೂ ಆಗುತ್ತದೋ ಇಲ್ಲವೋ, ಹೆಚ್ಚು ಉಜ್ಜಿಬಿಟ್ಟೆನೇನೋ.

ಒಳಗಿನಿಂದ ಹೆಂಡತಿ ಕೂಗಿದಳು, "ಕಾಫಿನಾ, ಟೀನಾ?"

"ಕಾಫಿ!" ಎಂದೆ, ಬೀದಿಗೆ ಕೇಳುವ ಹಾಗೆ.

"ಡಿಕಾಕ್ಷನ್ ಖಾಲಿ ರೀ. ಟೀನೇ ಮಾಡ್ತೀನಿ."