ಗುಡುಸಾಬನ ಎಣ್ಣೆ ಹೆಬ್ಬೆಟ್ಟು

ಲಕ್ಷ್ಮೇಶ್ವರದ ಲಾಡಸಾಬ ಎಂಥಾ ಕೈ ಹಿಡಿತದ ಮನುಷ್ಯ ಅಂದರೆ, ರಸ್ತೆ ಒಂದೀಟು ಇಳಿಜಾರು ಕಂಡರೆ ಸಾಕು, ಬಾಡಿಗೆ ಕಾರಿನ ಇಂಜಿನ್ನು ಬಂದ್ ಮಾಡಿಬಿಡುತ್ತಿದ್ದ. ಹಿಂದೆ ಕೂತವರು ಗಾಬರಿಯಾಗಿ, "ಯಾಕೋ, ಕೆಟ್ಟತೇನು?" ಅಂದರೆ, "ಅದಕ್ಕೂ ಒಂದೀಟು ದಮ್ಮು ತಗೋಳಾಕ ಬಿಡ್ರಿ" ಅನ್ನುತ್ತಿದ್ದ.

ಎಂಬತ್ತಮೂರನೇ ಇಸವಿಯಲ್ಲಿ ಆತ ಹೊಸ ಕಾರು ತಂದ. ಹೆಂಡತಿ ಸುಗ್ರಾಬಿಯ ನಾಲ್ಕು ಬಂಗಾರದ ಬಳೆ ಆ ಕಾರಿನೊಳಗೆ ಕರಗಿದ್ದವು. ಮೋಡ ಕವಿದರೆ ಆಕೆ ಒಳಗಿಂದಲೇ ಕೂಗುವಳು: "ನನ್ನ ಬಳಿ ಹೊರಗ ನಿಂತಾವು, ತಾಡಪತ್ರಿ ಹೊಚ್ಚು!"

ಕಾರಿನ ಜೊತೆ ಒಂದು ಇಂಗ್ಲಿಷ್ ಪುಸ್ತಕ ಬಂದಿತ್ತು. ಲಾಡಸಾಬ ಅದನ್ನು ಸಂಗಪ್ಪ ಮಾಸ್ತರರ ಮನೆಗೆ ಒಯ್ದ.

ಮಾಸ್ತರರು ಚಸ್ಮಾ ಏರಿಸಿ ಹೇಳಿದರು: "ವರ್ಷದೊಳಗ ಏನರ ಮುರದ್ರ ಕಂಪನಿ ಪುಕ್ಕಟ ಹಾಕಿ ಕೊಡತೈತಿ. ಆದ್ರ ವ್ಯಾಳ್ಯಾಕ್ಕ ಸರಿಯಾಗಿ ಸರ್ವಿಸ್ ಆಗಬೇಕು, ಅವರು ಹೇಳಿದ್ದ ಎಣ್ಣಿ ಬೀಳಬೇಕು, ಬಿಲ್ ಇರಬೇಕು. ಮಾಡಿದವ್ರು ಇಲ್ಲಿ ಸಹಿ ಹಾಕಬೇಕು."

"ಹುಬ್ಬಳ್ಯಾಗ ಮಾಡಸಬೇಕು ಅಂತ ಎಲ್ಲೇರ ಐತೇನ್ರಿ?"

"ಮೊದಲಿನ ಎರಡು ಪುಕ್ಕಟ ಸರ್ವಿಸಿಗೆ ಐತಿ. ಮುಂದಿನವಕ್ಕ ಇಲ್ಲ. ಕೆಲಸ ಬಲ್ಲ ಮೆಕ್ಯಾನಿಕ್ ಇದ್ರ ಆತು."

"ಇನ್ನೊಮ್ಮಿ ಓದ್ರಿ."

ಮೂರು ಸಲ ಓದಿಸಿದ. ಮೂರೂ ಸಲ ಚಹಾ ಮಾಸ್ತರರದೇ.

ಪುಕ್ಕಟೆ ಸರ್ವಿಸಿಗಾದರೂ ಖಾಲಿ ಕಾರು ಹುಬ್ಬಳ್ಳಿಗೆ ಒಯ್ಯುವವ ಲಾಡಸಾಬ ಅಲ್ಲ. ಲಗ್ನದ ಜವಳಿಗೆ ಹೋಗುವ ಬಾಡಿಗೆ ಸಿಗುವವರೆಗೆ ಕಾದ. ಹೆಣ್ಣುಮಕ್ಕಳು ಅಂಗಡಿಯಲ್ಲಿ ಸೀರೆಯ ಮೇಲೆ ಸೀರೆ ಬಿಚ್ಚಿಸುತ್ತಿದ್ದರೆ, ಅತ್ತ ಕಾರಿನ ಸೇವೆ ನಡೆಯುತ್ತಿತ್ತು. ಕಾರು ತಯಾರಾಗಿ ಬಂದರೂ ಸೀರೆ ಆಗಿರುತ್ತಿರಲಿಲ್ಲ.

ಮುಂದಿನ ಸರ್ವಿಸುಗಳು ಶಿರಹಟ್ಟಿ ರಸ್ತೆಯ ಗುಡುಸಾಬನ ತಗಡಿನ ಗ್ಯಾರೇಜಿಗೆ ಬಂದವು. ಎಣ್ಣೆ, ಫಿಲ್ಟರು ಗದಗಿನಿಂದ, ಬಿಲ್ಲಿನ ಸಮೇತ. ಇಂಜಿನ್ನಿನಿಂದ ಇಳಿದ ಕರೇ ಎಣ್ಣೆಯೂ ಹಾಳಾಗಲಿಲ್ಲ. ಬಾಳೆಹೊಸೂರಿನ ಮೂಕಪ್ಪ ಅದನ್ನು ಚಕ್ಕಡಿಯ ಅಚ್ಚಿಗೆ ಹಾಕಲು ಒಯ್ದು, ಬದಲಿಗೆ ಎರಡು ಸೇರು ಶೇಂಗಾ ಸುರಿದು ಹೋಗುತ್ತಿದ್ದ.

ತೊಡಕು ಬಂದದ್ದು ಸಹಿಯದು.

"ಲೇ ಲಾಡ್ಯಾ, ಶಾಲಿ ಮೆಟ್ಟಲಾ ಹತ್ತದವನ್ನ ಸಹಿ ಕೇಳತೀಯಲ್ಲ," ಅಂದ ಗುಡುಸಾಬ.

"ಹಂಗಾರ ಹೆಬ್ಬೆಟ್ಟು ಒತ್ತು."

"ಶಾಯಿ?"

ಲಾಡಸಾಬ ಕರೇ ಎಣ್ಣೆಯ ಡಬ್ಬಿ ತೋರಿಸಿದ. "ಐದು ಲೀಟರ್ ಐತೆಲ್ಲ, ಸಾಲೂದಿಲ್ಲೇನು?"

ಗುಡುಸಾಬ ಬೆರಳು ಅದ್ದಿ ಒತ್ತಿದ. ಎರಡನೇ ಸಲದ ಹೊತ್ತಿಗೆ ಫ್ಯಾನಿನ ರೆಕ್ಕೆ ಬಡಿದು ಅದೇ ಹೆಬ್ಬೆರಳು ಅಡ್ಡಕ್ಕೆ ಸೀಳಿತ್ತು. "ಎಡಗೈದು ಒತ್ತಲೇನು?" ಅಂದ. "ಬ್ಯಾಡ, ಆ ಗಾಯದ ಬೆರಳನ್ನ ಒತ್ತು. ಸಹಿ ಬದಲಾಗಬಾರದು," ಅಂದ ಲಾಡಸಾಬ. ಗುಡುಸಾಬ ಅಯ್ಯಯ್ಯೋ ಅನ್ನುತ್ತಲೇ ಒತ್ತಿದ. ಮೂರನೇ ಸಲಕ್ಕೆ ಗಾಯ ಮಾದಿತ್ತು.

ಹನ್ನೊಂದನೇ ತಿಂಗಳು ಗೇರ್ ಬಾಕ್ಸು ಬೀಸುವ ಕಲ್ಲಿನಂತೆ ಗರಗರ ಅನ್ನತೊಡಗಿತು. ಲಗ್ನದ ಸುಗ್ಗಿ ಎದುರಿಗೇ ಇತ್ತು. ಸುಗ್ರಾಬಿ ಹೊಸ್ತಿಲಲ್ಲಿ ನಿಂತು ಕೇಳಿದಳು: "ಆ ಗರಗರ ನನ್ನ ಯಾವ ಬಳಿದು?" ಲಾಡಸಾಬ ಗುಡುಸಾಬನನ್ನು ಪಕ್ಕಕ್ಕೆ ಕೂರಿಸಿಕೊಂಡು, ಎರಡನೇ ಗೇರಿನಲ್ಲೇ ಹುಬ್ಬಳ್ಳಿ ಮುಟ್ಟಿದ.

ಕಂಪನಿ ಗ್ಯಾರೇಜಿನ ಮ್ಯಾನೇಜರು ಪುಸ್ತಕ ತಿರುವಿದರು.

"ಏನ್ರಿ ಇದು? ಮಿರ್ಚಿ ತಿಂದು ಕೈ ಒರಸೀರೇನು?"

"ಸಹಿ ರೀ ಸಾಹೇಬ್ರ."

"ಇದು ನಡಿಯೂದಿಲ್ಲ. ಗೇರ್ ಬಾಕ್ಸಿನ ಖರ್ಚು ನಿಮ್ಮದ."

ಲಾಡಸಾಬನ ಕಣ್ಣ ಮುಂದೆ ಸುಗ್ರಾಬಿಯ ಬರಿಗೈ ಬಂದು ನಿಂತಿತು. "ಹೊಲ ಮಾರೂ ಖರೇದಿ ಪತ್ರಕ್ಕ ಹೆಬ್ಬೆಟ್ಟು ನಡೀತೈತಿ. ನಿಮ್ಮ ಗೇರ್ ಬಾಕ್ಸು ಹೊಲಕ್ಕಿಂತ ದೊಡ್ಡದೇನ್ರಿ?"

ಮ್ಯಾನೇಜರು ನಕ್ಕರು. "ಆತು. ಆದ್ರ ನಿನ್ನೆ ಕುಂತು ಮೂರೂ ಒಮ್ಮೆಲೇ ಒತ್ತಿಲ್ಲ ಅಂತ ಹೆಂಗ ನಂಬೂದು?"

ಲಾಡಸಾಬ ಪುಸ್ತಕ ಇಸಿದುಕೊಂಡು ನೋಡಿದ. ನೋಡುತ್ತ ನೋಡುತ್ತ ಮೀಸೆ ಅರಳಿತು. ಗುಡುಸಾಬನ ಕೈ ಹಿಡಿದೆಳೆದು ಹೆಬ್ಬೆರಳನ್ನು ಮೇಜಿನ ಮೇಲಿಟ್ಟ.

"ನೋಡ್ರಿ ಸಾಹೇಬ್ರ. ಮೊದಲನೇದು ಸಾಫ್ ಐತಿ. ಎರಡನೇದರಾಗ ಹಸಿ ಗಾಯ, ಬಾಯಿ ತಕ್ಕೊಂಡೈತಿ. ಮೂರನೇದರಾಗ ಸಣ್ಣ ಗೆರಿ, ಈಗ ಈ ಬೆರಳಿನ್ಯಾಗ ಐತೆಲ್ಲ, ಅದ. ನಿನ್ನೆ ಕುಂತು ಒತ್ತಿದ್ರ ಒಂದ ದಿನದಾಗ ಗಾಯ ಆಗಿ, ಮಾದು, ಗೆರಿ ಹೆಂಗ ಬೀಳತಿತ್ತು?"

ಮ್ಯಾನೇಜರು ಭೂತಗನ್ನಡಿ ಹಿಡಿದು ಬೆರಳು ನೋಡಿದರು, ಪುಸ್ತಕ ನೋಡಿದರು, ಬಿಲ್ಲಿನ ತಾರೀಖು ನೋಡಿದರು. ಗುಡುಸಾಬ ಡಾಕ್ಟರ ಮುಂದೆ ಕೂತವನಂತೆ ಉಸಿರು ಹಿಡಿದಿದ್ದ. ಕೊನೆಗೆ ಅವರು ಒಳಗಿನವರಿಗೆ ಕೂಗಿದರು: "ಇವರ ಗೇರ್ ಬಾಕ್ಸ್ ಬಿಚ್ರೋ. ಕಂಪನಿ ಖರ್ಚಿನ್ಯಾಗ."

ಗುಡುಸಾಬ ತನ್ನ ಹೆಬ್ಬೆರಳಿಗೆ ತಾನೇ ಮುತ್ತು ಕೊಟ್ಟುಕೊಂಡ. ಲಾಡಸಾಬ ಅಷ್ಟರಲ್ಲಿ ಡಿಕ್ಕಿ ತೆಗೆದು, ಖಾಲಿ ಡಬ್ಬಿಯೊಂದನ್ನು ಹಿಡಿದು ಒಳಗೆ ಓಡುತ್ತಿದ್ದ.

"ಏ ತಮ್ಮಾ, ಹಳೇ ಎಣ್ಣಿ ಚೆಲ್ಲಬ್ಯಾಡೋ! ನಮ್ಮ ಮೂಕಪ್ಪನ ಚಕ್ಕಡಿ ಬಾಳ ಒದರಾಕತ್ತೈತಿ!"